ಒರೆವೊ ಊರಿನ ಹಿತ್ತಲ ಬಾಗಿಲು

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟೂಕೆ ಹೆಸರಿನಲ್ಲಿ ನಮ್ಮವರೆಲ್ಲ ಹಳೆಯ ಕೋಬಾಲ್ ಪ್ರೋಗ್ರಾಮುಗಳ ಧೂಳು ಕೊಡವುತ್ತಿದ್ದ ಕಾಲದಲ್ಲಿ ನಾನು ನ್ಯೂಜೆರ್ಸಿಯ ಕ್ಲಿಫ್ಟನ್‌ನಲ್ಲಿ, ಒಂದು ಸಣ್ಣ ಸಿವಿಲ್ ಇಂಜಿನಿಯರಿಂಗ್ ಆಫೀಸಿನಲ್ಲಿ ಕೂತು ಪಾರ್ಕಿಂಗ್ ಲಾಟು, ಚರಂಡಿ, ನೀರಿನ ಪೈಪುಗಳ ನಕ್ಷೆ ಬರೆಯುತ್ತಿದ್ದೆ. ನಾವು ಮನೆ ಮಾಡಿದ್ದ ಓಲ್ಡ್ ಬ್ರಿಡ್ಜ್‌ನ ಕನ್ನಡದ ಬಳಗಕ್ಕೆ ಇದೊಂದು ಮುಗಿಯದ ತಮಾಷೆ. ವಾರಾಂತ್ಯದಲ್ಲಿ ಯಾರದಾದರೂ ಮನೆಯಲ್ಲಿ ಸೇರಿದಾಗ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಲೇ ಶುರುವಾಗುತ್ತಿತ್ತು.

"ಎಲ್ರೂ ಕಂಪ್ಯೂಟರ್ ಬಗ್ಸ್ ಹಿಡೀತಿದ್ರೆ ನೀನೊಬ್ಳು ಇನ್ನೂ ಮೋರಿ ಹತ್ರ ಕೂತಿದ್ದೀಯಲ್ಲೇ!"

ಮ್ಯಾನ್‌ಹಟನ್‌ಗೆ ದಿನಾ ಬಸ್ಸಿನಲ್ಲಿ ಕಮ್ಯೂಟ್ ಮಾಡುತ್ತಿದ್ದ ನನ್ನ ಗಂಡನೂ ಬಳಗದ ಕಡೆಗೇ. "ಒಂದು ಕೋರ್ಸ್ ಮಾಡ್ಕೊಂಡ್ಬಿಡೇ, ಜಾಬ್ ಮಾರ್ಕೆಟ್ ಸಖತ್ತಾಗಿದೆ" ಎನ್ನುತ್ತಿದ್ದರು. "ನಿಮ್ಮನೆ ನಲ್ಲೀಲಿ ನೀರು ಬರೋಕೆ ಜಾವಾ ಬೇಕಾಗಿಲ್ಲ ರೀ" ಎಂದು ನಾನು ತಿರುಗಿಸಿ ಕೊಡುತ್ತಿದ್ದೆ. ನನ್ನ ಬಾಯಿ ಜೋರು ಎಂದು ಮಂಡ್ಯದ ತವರಲ್ಲೂ ಹೆಸರಿತ್ತು. ಅಮೆರಿಕಕ್ಕೆ ಬಂದು ಅದೇನೂ ಕಡಿಮೆಯಾಗಿರಲಿಲ್ಲ.

ಆ ಬೇಸಿಗೆಯ ಕೊನೆಯಲ್ಲಿ ನಮ್ಮ ಆಫೀಸಿಗೆ ಪಕ್ಕದ ಊರಿನ ಬೇಕರಿಯ ಯಜಮಾನರು ಬಂದರು. ಮೈಮೇಲೆ ಮೈದಾ ಹಿಟ್ಟು, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಮ್ಯಾಸಿಡೋನಿಯಾ ದೇಶದ ಒರೆವೊ ಎಂಬ ಹಳ್ಳಿಯವರು ಇಲ್ಲಿ ಕಟ್ಟಿಕೊಂಡಿದ್ದ ಸಂಘಕ್ಕೆ ಅವರೇ ಅಧ್ಯಕ್ಷರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಬೇರೆ ಬೇರೆ ದಾರಿಯಲ್ಲಿ ಬಂದವು, ಆದ್ದರಿಂದ ಆ ಮಾತುಗಳನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಅವರು ಮೇಜಿನ ಮೇಲೆ ಹರಡಿದ್ದು ಒಂದು ಹಳೆಯ ಸರ್ವೆ ನಕ್ಷೆಯ ಜೆರಾಕ್ಸ್. ಬಿತೋಲಾ ಪಟ್ಟಣದಿಂದ ಪಶ್ಚಿಮಕ್ಕೆ ಬೆಟ್ಟ ಹತ್ತಿದರೆ ಸಿಗುವ ಊರು ಒರೆವೊ. ಒರೆವ್ ಎಂದರೆ ಅವರ ಮಾತಿನಲ್ಲಿ ಅಕ್ರೋಟು, ಊರಿನ ಸುತ್ತ ಅದರದೇ ಮರಗಳು. ತುದಿಯಲ್ಲಿ ಚರ್ಚು, ಅದಕ್ಕಿಂತ ಮೇಲೆ ಒಂದು ಚಿಲುಮೆ. ಚರ್ಚಿನ ಕೆಳಗೆ ಮೇಲಿನ ಮೊಹಲ್ಲಾ, ಇನ್ನೂ ಕೆಳಗೆ ಕೆಳಗಿನ ಮೊಹಲ್ಲಾ. ಅವರು 'ಮಾಲೊ' ಎಂದಾಗ ಮೊದಲು ಕಣ್ಣು ಕಣ್ಣು ಬಿಟ್ಟೆ. ಆಮೇಲೆ ನೋಡಿದರೆ ಅದು ನಮ್ಮ ಮೈಸೂರಿನ ಮೊಹಲ್ಲಾವೇ, ತುರ್ಕರ ಕಾಲದಿಂದ ಅಲ್ಲೂ ಉಳಿದುಕೊಂಡಿತ್ತು. ಕಲ್ಲಿನ ಎರಡಂತಸ್ತಿನ ಮನೆಗಳು, ಕೆಳಗೆ ದನಕ್ಕೆ ಜಾಗ, ಮೇಲೆ ಮರದ ಜಗಲಿ. ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಬೀಗ. ಬೀಗದ ಕೈಗಳೆಲ್ಲ ಇಲ್ಲಿ, ಕ್ಲಿಫ್ಟನ್ ಮತ್ತು ಗಾರ್‌ಫೀಲ್ಡ್‌ನ ಅಡುಗೆಮನೆಗಳ ಮೊಳೆಗಳಲ್ಲಿ ತೂಗುತ್ತಿದ್ದವು.

"ಕೆಳಗಿನ ಮೊಹಲ್ಲಾದಲ್ಲಿ ನನ್ನ ತಂಗಿ ಇದ್ದಾಳೆ. ಗಂಡ, ಎರಡು ಚಿಕ್ಕ ಮಕ್ಕಳು" ಎಂದರು ಅಧ್ಯಕ್ಷರು. "ನೀರು ಮೇಲಿನ ಮೊಹಲ್ಲಾದ ಕಲ್ಲುತೊಟ್ಟಿಯಿಂದ ಹೊತ್ತು ತರಬೇಕು. ಚಳಿಗಾಲದಲ್ಲಿ ಆ ಇಳಿಜಾರು ಪೂರ್ತಿ ಐಸು. ಹೋದ ವರ್ಷ ಬಿದ್ದು ಕೈ ಮುರಿದುಕೊಂಡಳು. ಇನ್ನೊಂದು ಚಳಿಗಾಲ ನೋಡುತ್ತೇನೆ, ನೀರು ಬರದಿದ್ದರೆ ಪಟ್ಟಣಕ್ಕೆ ಹೊರಟುಬಿಡುತ್ತೇನೆ ಅಂದಿದ್ದಾಳೆ. ಅವಳು ಹೋದರೆ ಉಳಿದ ಎರಡು ಮನೆಯವರೂ ಹೋಗುತ್ತಾರೆ. ಆಮೇಲೆ ಆ ಮೊಹಲ್ಲಾದಲ್ಲಿ ಹೊಗೆ ಏಳುವ ಚಿಮಣಿಯೇ ಇರುವುದಿಲ್ಲ."

ಅಲ್ಲಿನ ಪುರಸಭೆ ಪೈಪು ಕೊಡಲು, ಅಗೆಯುವ ಯಂತ್ರ ಕಳಿಸಲು ಒಪ್ಪಿತ್ತು. ಆದರೆ ಮೊದಲ ಹಿಮ ಬೀಳುವುದರೊಳಗೆ ಅವರಿಗೆ ಎರಡು ಸಂಗತಿ ಬೇಕು: ಪೈಪು ಹಾಯುವ ದಾರಿಯ ನಕ್ಷೆ, ಮತ್ತು ಆ ದಾರಿ ಯಾರ ಜಾಗದಲ್ಲಿ ಹೋಗುತ್ತದೋ ಅವರ ಒಪ್ಪಿಗೆಯ ಸಹಿ. ತಡವಾದರೆ ಪೈಪು ಇನ್ನೊಂದು ಹಳ್ಳಿಗೆ ಹೋಗುತ್ತದೆ. ಜಾಗದ ಯಜಮಾನರಲ್ಲಿ ಹೆಚ್ಚಿನವರು ನ್ಯೂಜೆರ್ಸಿಯಲ್ಲಿದ್ದುದರಿಂದ ಕೆಲಸವೂ ಇಲ್ಲೇ ಆಗಬೇಕಿತ್ತು. ನಮ್ಮ ಆಫೀಸಿನ ಯಜಮಾನರು, ನಿವೃತ್ತಿಯ ಅಂಚಿನಲ್ಲಿದ್ದ ಅಮೆರಿಕನ್, ಬೇಕರಿಯ ಖಾಯಂ ಗಿರಾಕಿ. "ಇವಳು ನೀರಿನ ಕೆಲಸ ಬಲ್ಲವಳು" ಎಂದು ನನ್ನ ಕಡೆ ತೋರಿಸಿ ಕಾಫಿಗೆ ಎದ್ದು ಹೋದರು.

ನೋಡಲು ಸುಲಭದ ಕೆಲಸ. ಚಿಲುಮೆ ಮೇಲಿದೆ, ಮನೆಗಳು ಕೆಳಗಿವೆ, ಪಂಪಿಲ್ಲದೆ ನೀರು ತಾನಾಗಿ ಇಳಿದು ಬರುತ್ತದೆ. ಆದರೆ ಅಷ್ಟು ಎತ್ತರದಿಂದ ನೇರವಾಗಿ ಇಳಿದರೆ ಕೆಳಗಿನ ಮೊಹಲ್ಲಾದಲ್ಲಿ ಒತ್ತಡ ವಿಪರೀತವಾಗಿ ನಲ್ಲಿಗಳೇ ಕಿತ್ತು ಬರುತ್ತವೆ. ಅದಕ್ಕೆ ನಡುದಾರಿಯಲ್ಲೊಂದು ಚಿಕ್ಕ ತೊಟ್ಟಿ ಕಟ್ಟಿ, ನೀರು ಅದರಲ್ಲಿ ಬಿದ್ದು ಸುಧಾರಿಸಿಕೊಂಡು ಮುಂದೆ ಹೋಗುವಂತೆ ಮಾಡಬೇಕು. ಪೈಪನ್ನು ಆಳಕ್ಕೆ ಹೂಳಬೇಕು, ಇಲ್ಲದಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತದೆ. ಮಂಡ್ಯದ ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಈ ಪಾಠವನ್ನು ನ್ಯೂಜೆರ್ಸಿಯ ಚಳಿ ಕಲಿಸಿತ್ತು.

ಜೆರಾಕ್ಸನ್ನು ಡಿಜಿಟೈಜರ್ ಹಲಗೆಗೆ ಅಂಟಿಸಿ, ಎತ್ತರದ ಗೆರೆಗಳನ್ನು ಒಂದೊಂದಾಗಿ ಮೌಸಿನಂಥ ಸಾಧನದಲ್ಲಿ ಒತ್ತಿ ಕಂಪ್ಯೂಟರಿಗೆ ಇಳಿಸಿದೆ. ಪೈಪನ್ನು ಊರ ಬೀದಿಯ ಉದ್ದಕ್ಕೂ ಎಳೆದೆ. ನಕ್ಷೆಯನ್ನು ತುಂಡು ತುಂಡಾಗಿ ಬಿತೋಲಾಕ್ಕೆ ಫ್ಯಾಕ್ಸ್ ಮಾಡಿದೆ. ಪುರಸಭೆಯ ಇಂಜಿನಿಯರ್ ಮರುದಿನವೇ ಉತ್ತರ ಕಳಿಸಿದ. ಬೀದಿಯ ಅಡಿಯೆಲ್ಲ ಒಂದೇ ಬಂಡೆ, ಸಿಡಿಮದ್ದು ಇಟ್ಟರೆ ಎರಡೂ ಬದಿಯ ಹಳೆಯ ಗೋಡೆಗಳು ಉಳಿಯುವುದಿಲ್ಲ, ಬೇರೆ ದಾರಿ ನೋಡಿ.

ಬೇರೆ ದಾರಿ ಎಂದರೆ ಊರಿನ ಅಂಚಿನ ಹಳ್ಳ. ಹಳ್ಳದ ದಂಡೆಯಲ್ಲಿ ಪೈಪು ಎಳೆದು ಬೇಕರಿಗೆ ಒಯ್ದೆ. ಅಲ್ಲಿ ಕಾಫಿ ಕುಡಿಯುತ್ತಿದ್ದ ಗಂಡಸರು ನೋಡಿ ಬಿದ್ದು ಬಿದ್ದು ನಕ್ಕರು. ಬೇಸಿಗೆಯಲ್ಲಿ ಕೋಳಿಮರಿಯೂ ದಾಟುವ ಹಳ್ಳವಂತೆ, ಹಿಮ ಕರಗುವಾಗ ಸೇತುವೆಯನ್ನೇ ಹೊತ್ತೊಯ್ಯುತ್ತದಂತೆ. ನಗು ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ದಾರಿ ಹೇಳಿದರು. ಎಲ್ಲ ದಾರಿಗಳೂ ಹೇಳಿದವರ ಮನೆ ಮುಂದೆಯೇ ಹಾದುಹೋಗುತ್ತಿದ್ದವು. ನನಗೆ ತಲೆ ಕೆಟ್ಟುಹೋಯಿತು.

"ಭಾನುವಾರ ನಮ್ಮ ಮನೆಗೆ ಬಾ. ಮೆಣಸಿನಕಾಯಿ ಸುಡುತ್ತೇವೆ, ಹೆಂಗಸರೂ ಇರುತ್ತಾರೆ. ಅವರನ್ನೂ ಕೇಳು" ಎಂದರು ಅಧ್ಯಕ್ಷರು. ಗಂಡಸರ ದಾರಿಗಳು ಸಾಕಾಗಿದ್ದ ನನಗೆ ಆ ಮಾತು ಹಿಡಿಸಿತು.

ಶರತ್ಕಾಲ ಬಂತೆಂದರೆ ಆ ಜನರ ಡ್ರೈವ್‌ವೇಗಳಲ್ಲಿ ಹೊಗೆ ಏಳುತ್ತದೆ. ಮೂಟೆಗಟ್ಟಲೆ ಕೆಂಪು ದಪ್ಪ ಮೆಣಸಿನಕಾಯಿ ತಂದು, ಸುಟ್ಟು, ಸಿಪ್ಪೆ ಸುಲಿದು, ರುಬ್ಬಿ, ಎಣ್ಣೆಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿ ವರ್ಷಕ್ಕಾಗುವಷ್ಟು ಬಾಟಲಿಗಳಿಗೆ ತುಂಬಿಡುತ್ತಾರೆ. ನಮ್ಮಲ್ಲಿ ಬೀದಿಯ ಹೆಂಗಸರೆಲ್ಲ ಒಂದು ಮನೆಯ ಮಾಳಿಗೆಯಲ್ಲಿ ಸೇರಿ ಹಪ್ಪಳ ಒತ್ತುತ್ತಿದ್ದ ಹಾಗೆಯೇ ಇದು. ಗಂಡಸರು ಬೆಂಕಿ ನೋಡಿಕೊಳ್ಳುತ್ತ ಜಗಳವಾಡುತ್ತಿದ್ದರು, ಹೆಂಗಸರು ಗ್ಯಾರೇಜಿನಲ್ಲಿ ಕೂತು ಸಿಪ್ಪೆ ಸುಲಿಯುತ್ತಿದ್ದರು. ನನಗೂ ಒಂದು ಏಪ್ರನ್ ಕಟ್ಟಿ ಕೂರಿಸಿದರು. ಪಕ್ಕದಲ್ಲಿ ಅಧ್ಯಕ್ಷರ ತಾಯಿ. ಅವರನ್ನು ಎಲ್ಲರೂ ಬಾಬಾ ಎನ್ನುತ್ತಿದ್ದರು, ಎಂದರೆ ಅಜ್ಜಿ. ನನ್ನನ್ನು ಅವರು ಮೊದಲ ಸಲವೇ 'ಕ್ಯೆರ್ಕೊ' ಎಂದರು, ಎಂದರೆ ಮಗಳೇ. ಅಧ್ಯಕ್ಷರ ಹೆಂಡತಿ ನಮ್ಮಿಬ್ಬರ ಮಾತನ್ನು ಅತ್ತಿತ್ತ ದಾಟಿಸುತ್ತಿದ್ದಳು.

ಸುಮ್ಮನೆ ಮಾತಿಗೆಂದು ಕೇಳಿದೆ. "ಬಾಬಾ, ಚಳಿಗಾಲದಲ್ಲಿ ನಿಮ್ಮ ಮನೆಯಿಂದ ಚರ್ಚಿಗೆ ಹೇಗೆ ಹೋಗುತ್ತಿದ್ದಿರಿ? ಆ ಬೀದಿಯ ಐಸಿನ ಮೇಲೆ?"

ಹೆಂಗಸರೆಲ್ಲ ಸಿಪ್ಪೆ ಸುಲಿಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ಬೀದಿಯಲ್ಲಿ ಯಾಕೆ ಹೋಗುತ್ತಾರೆ? ಬೀದಿ ಕತ್ತೆಗಳಿಗೆ, ಗಂಡಸರಿಗೆ. ಹೆಂಗಸರು ಕಪಿಜಿಕ್‌ಗಳಲ್ಲಿ ಹೋಗುತ್ತಾರೆ.

ಕಪಿಜಿಕ್ ಎಂದರೇನೆಂದು ಎಲ್ಲರೂ ಒಟ್ಟಿಗೇ ವಿವರಿಸಲು ಹೊರಟು ಗದ್ದಲವಾಯಿತು. ಕೊನೆಗೆ ಒಬ್ಬಾಕೆ ಸುಟ್ಟ ಮೆಣಸಿನ ಕಪ್ಪು ಬೆರಳಿನಿಂದ ನ್ಯೂಸ್‌ಪೇಪರ್ ಮೇಲೆ ಚೌಕಗಳನ್ನು ಬರೆದು ತೋರಿಸಿದಳು. ಪ್ರತಿ ಮನೆಯ ಅಂಗಳಕ್ಕೂ ಎತ್ತರದ ಕಲ್ಲಿನ ಗೋಡೆ. ಎರಡು ಅಂಗಳಗಳ ನಡುವಿನ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲು. ಹಿಟ್ಟು ಕಡ ಕೇಳಲು, ಬಾಣಂತಿಯನ್ನು ನೋಡಲು, ಊರ ದೇವರ ಹಬ್ಬದ ದಿನ ಅಡುಗೆಗೆ ಕೈ ಜೋಡಿಸಲು ಹೆಂಗಸರು ಅಂಗಳದಿಂದ ಅಂಗಳಕ್ಕೆ ಹಾಗೆಯೇ ಹೋಗುತ್ತಾರೆ. ಬೀದಿಗೆ ಕಾಲಿಡದೆ ಕೆಳಗಿನ ಮೊಹಲ್ಲಾದಿಂದ ಚರ್ಚಿನವರೆಗೆ ಹೋಗಬಹುದು. ಆ ಬಾಗಿಲಿಗೆ ಚಿಲಕವಿರುತ್ತದೆ, ಬೀಗ ಇರುವುದಿಲ್ಲ. ಬೀಗ ಹಾಕುವುದು ಅವಮಾನ.

ನನಗೆ ನನ್ನ ಅಜ್ಜಿಯ ಬೀದಿ ಕಣ್ಣಿಗೆ ಕಟ್ಟಿತು. ಹಿತ್ತಲಿನಿಂದ ಹಿತ್ತಲಿಗೆ ನಾವು ಓಡಾಡುತ್ತಿದ್ದದ್ದು, ಮುಂಬಾಗಿಲಿಗೆ ಬಂದು ಕರೆಯುವವರು ಹೊರಗಿನವರು ಮಾತ್ರ ಎಂದು ತಿಳಿದಿದ್ದದ್ದು. ಕೈಲಿದ್ದ ಮೆಣಸಿನಕಾಯಿ ಕೆಳಗಿಟ್ಟೆ. ಏಕೆಂದರೆ ಅಂಗಳ ಎಂದರೆ ತರಕಾರಿ ಬೆಳೆಯುವ ಮಣ್ಣು. ಬಂಡೆಯಲ್ಲ, ಹಳ್ಳವೂ ಅಲ್ಲ. ಗೋಡೆ ಒಡೆಯುವುದೂ ಬೇಡ, ಬಾಗಿಲು ಆಗಲೇ ಇದೆ!

"ಬಾಬಾ, ನೀವು ಹೋಗುತ್ತಿದ್ದ ದಾರೀಲಿ ಪೈಪು ಹೋಗಬಹುದಾ?" ಎಂದು ಕೇಳಿದೆ.

ಬಾಬಾ ಭುಜ ಕುಣಿಸಿದರು. "ನಾನೇ ಹೋಗುತ್ತಿದ್ದೆ, ನೀರು ಹೋಗಬಾರದಾ?"

ಮುಂದಿನ ವಾರಗಳು ಹುಮ್ಮಸ್ಸಿನಲ್ಲಿ ಕಳೆದವು. ಶನಿವಾರಗಳಲ್ಲಿ ಬೇಕರಿಯ ಹಿಂದಿನ ಕೋಣೆಯಲ್ಲಿ ದೊಡ್ಡ ನಕ್ಷೆ ಹರಡಿ ಕೂರುತ್ತಿದ್ದೆ. ಒಂದೊಂದು ಮನೆಯವರೂ ಬಂದು ತಮ್ಮ ಕಪಿಜಿಕ್ ಎಲ್ಲಿದೆ, ಪಕ್ಕದಲ್ಲಿ ಮರವಿದೆಯೇ, ಬಚ್ಚಲು ಗುಂಡಿಯಿದೆಯೇ ಎಂದು ಹೇಳಿ ಸಹಿ ಹಾಕಿ ಹೋಗುತ್ತಿದ್ದರು. ಗಂಡ ಹೇಳಿದ್ದು ತಪ್ಪಿದ ಜಾಗದಲ್ಲಿ ಹೆಂಡತಿ ತಿದ್ದುತ್ತಿದ್ದಳು. ಬೀದಿಗೆ ಪೈಪು ಎಂದಾಗ ಜಗಳವಾಡಿದವರು ಕಪಿಜಿಕ್ ಎಂದಾಗ ತಕರಾರೇ ಮಾಡಲಿಲ್ಲ. ದಿನಾ ಊರೇ ಹಾದುಹೋಗುತ್ತಿದ್ದ ಜಾಗಕ್ಕೆ ಒಪ್ಪಿಗೆ ಕೇಳುವುದೇ ಅವರಿಗೆ ವಿಚಿತ್ರವಾಗಿತ್ತು.

"ಏನೇ, ಶನಿವಾರಾನೂ ಆಫೀಸಾ? ಓವರ್‌ಟೈಮ್ ಕೊಡ್ತಾರಾ?" ಎಂದರು ನನ್ನ ಗಂಡ.

"ಬಿಸಿಬಿಸಿ ಬುರೆಕ್ ಕೊಡ್ತಾರೆ, ಚೀಸ್ ತುಂಬಿದ ಪದರ ಪದರ ರೊಟ್ಟಿ. ನಿಮ್ ಕಂಪ್ನೀಲಿ ಕೊಡ್ತಾರೇನ್ರೀ?" ಮುಂದಿನ ಶನಿವಾರ ಅವರೂ ಜೊತೆಗೆ ಬಂದರು.

ಮೇಲಿನಿಂದ ಒಂದೊಂದೇ ಅಂಗಳ ದಾಟುತ್ತ ಪೈಪು ಎರಡು ಮೊಹಲ್ಲಾಗಳ ನಡುವಿನ ಗೋಡೆಗೆ ಬಂತು. ಗೋಡೆಯ ಮೇಲ್ಬದಿಯ ಅಂಗಳ ಒಬ್ಬ ಟೈಲ್ಸ್ ಕಂಟ್ರಾಕ್ಟರರದು. ಕೆಳಬದಿಯದು ಬಾಬಾ ಅವರದು, ಮದುವೆಯಾದ ಮೇಲೆ ಅಧ್ಯಕ್ಷರ ತಂಗಿ ಇರುವುದು ಆ ಮನೆಯಲ್ಲೇ. ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ಹಳ್ಳ. ಕೆಳಗಿನ ಮೊಹಲ್ಲಾಕ್ಕೆ ಬೇರೆ ದಾರಿಯೇ ಇಲ್ಲ. ಕಂಟ್ರಾಕ್ಟರ್ ಮಾತ್ರ ಸಹಿ ಹಾಕಲು ಬರಲಿಲ್ಲ. ಫೋನ್ ಮಾಡಿದೆ.

"ಅಲ್ಲಿ ಕಪಿಜಿಕ್ ಇಲ್ಲ" ಎಂದರು.

"ಬಾಬಾ ಅದರಲ್ಲೇ ಚರ್ಚಿಗೆ ಹೋಗುತ್ತಿದ್ದೆ ಅಂದರಲ್ಲ?"

"ಇತ್ತು. ಯಾಕಿಲ್ಲ ಅಂತ ಅವರನ್ನೇ ಕೇಳಿ." ಫೋನ್ ಇಟ್ಟರು.

ಅಧ್ಯಕ್ಷರನ್ನು ಕೇಳಿದೆ. ಮುಖ ಗಂಟಿಕ್ಕಿಕೊಂಡು ಹೇಳಿದರು. ಅವರು ಚಿಕ್ಕವರಿದ್ದಾಗ ಮನೆಯವರೆಲ್ಲ ಒಟ್ಟಿಗೆ ಅಮೆರಿಕಕ್ಕೆ ಹೊರಟಿದ್ದರು, ಆಗಿನ್ನೂ ಮಗುವಾಗಿದ್ದ ತಂಗಿಯನ್ನು ಮಾತ್ರ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು. ಖಾಲಿ ಬೀಳುವ ಮನೆಗೆ ಕಳ್ಳರು ನುಗ್ಗಿದರೆ ಎಂಬ ಹೆದರಿಕೆಯಲ್ಲಿ ಅಪ್ಪ ಹೊರಡುವ ಹಿಂದಿನ ದಿನ ಕಪಿಜಿಕ್‌ಗೆ ಕಲ್ಲು ತುಂಬಿ ಮುಚ್ಚಿಬಿಟ್ಟರು. ಆ ಬಾಗಿಲಿನ ಆಚೆ ಇದ್ದದ್ದು ಒಂದೇ ಮನೆ, ಕಂಟ್ರಾಕ್ಟರರ ತಂದೆಯದು. ನಮ್ಮನ್ನೇ ಕಳ್ಳರೆಂದರು ಎಂದು ಆ ಮನೆಯವರು ತಿಳಿದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ, ಊರವರೂ ಆ ಬಾಗಿಲಿನ ಮಾತು ಎತ್ತುವುದಿಲ್ಲ; ತಂಗಿ ಐಸಿನ ಬೀದಿಯಲ್ಲಿ ನೀರು ಹೊರುವುದೂ ಅದಕ್ಕೇ. ಅವರೂ ಆಮೇಲೆ ಇಲ್ಲಿಗೇ ಬಂದರು, ಒಂದೇ ಚರ್ಚಿಗೆ ಹೋಗುತ್ತಾರೆ, ಒಂದೇ ಹಬ್ಬಕ್ಕೆ ಕುಣಿಯುತ್ತಾರೆ, ಆದರೆ ಕುಣಿತದ ಸಾಲಿನಲ್ಲಿ ಪರಸ್ಪರ ಕೈ ಹಿಡಿಯದ ಜಾಗ ನೋಡಿಕೊಂಡು ನಿಲ್ಲುತ್ತಾರೆ.

ಬಿತೋಲಾದಿಂದ ಫ್ಯಾಕ್ಸ್ ಬಂತು. ಬೆಟ್ಟದ ತುದಿಯಲ್ಲಿ ಮೋಡ ಕಟ್ಟುತ್ತಿದೆ, ಬೇಗ ಕಳಿಸಿ. ನಮ್ಮ ಆಫೀಸಿನ ಯಜಮಾನರು ನಕ್ಷೆ ನೋಡಿ ಪೆನ್ಸಿಲ್ ತುದಿಯಿಂದ ತಟ್ಟಿದರು. "ಊರಿನ ಜಗಳ ನಮ್ಮ ಕೆಲಸ ಅಲ್ಲ. ಗೋಡೆಯ ಮೇಲ್ಗಡೆಗೆ ಲೈನ್ ನಿಲ್ಲಿಸು. ಕೆಳಗಿನವರಿಗೆ ಹಳ್ಳದ ಪಕ್ಕ ಒಂದು ಬಾವಿ, ಒಂದು ಪಂಪ್ ತೋರಿಸಿ ಕಳಿಸಿಬಿಡು."

ಅವರ ಮಾತು ತಪ್ಪಲ್ಲ. ಹಾಗೆ ಬರೆಯಲೂ ಕೂತೆ. ಪಂಪಿನ ಚಿಹ್ನೆ ಹಾಕಿದೆ. ಆಮೇಲೆ ಯೋಚಿಸಿದೆ. ಹಿಮ ಬಿದ್ದಾಗ ಆ ಊರಿನಲ್ಲಿ ಮೊದಲು ಹೋಗುವುದೇ ಕರೆಂಟು ಎಂದು ಎಲ್ಲರೂ ಹೇಳಿದ್ದರು. ನೀರು ಬೇಕಾದ ದಿನವೇ ಪಂಪು ನಿಲ್ಲುತ್ತದೆ, ಕೈ ಮುರಿದುಕೊಂಡಿದ್ದ ಆ ಹೆಂಗಸು ಮತ್ತೆ ಐಸಿನ ಮೇಲೆ ನಡೆಯುತ್ತಾಳೆ, ಒಂದೆರಡು ಚಳಿಗಾಲದಲ್ಲಿ ಊರು ಬಿಡುತ್ತಾಳೆ. ಪುರಸಭೆಯವರು ಮಾತ್ರ ನೀರು ಕೊಟ್ಟಾಯಿತು ಎಂದು ಫೈಲು ಮುಚ್ಚುತ್ತಾರೆ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಪಂಪು ಅಳಿಸಿದೆ. ಯಜಮಾನರ ಹತ್ತಿರ ಹೋಗಿ, ಇನ್ನೊಂದು ವಾರ ಕೊಡಿ, ಆಗದಿದ್ದರೆ ನೀವು ಹೇಳಿದಂತೆಯೇ ಕಳಿಸುತ್ತೇನೆ ಎಂದೆ.

ಆ ಸಂಜೆ ಸೀದಾ ಅಧ್ಯಕ್ಷರ ಮನೆಗೆ ಹೋಗಿ ಬಾಬಾ ಅವರನ್ನು ಕೇಳಿದೆ. "ನನ್ನ ಜೊತೆ ಅವರ ಮನೆಗೆ ಬರುತ್ತೀರಾ?" ಅಧ್ಯಕ್ಷರು ಬೇಡವೆಂದು ಕೈ ಆಡಿಸಿದರು. ಬಾಬಾ ಮಗನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ಕಪ್ಪು ತಲೆವಸ್ತ್ರ ಬದಲಿಸಿ, ಈ ವರ್ಷದ ಮೆಣಸಿನ ಗೊಜ್ಜಿನ ಒಂದು ಬಾಟಲಿ ಹಿಡಿದು ಬಂದು ನನ್ನ ಕಾರಿನಲ್ಲಿ ಕೂತರು.

ಕಂಟ್ರಾಕ್ಟರ್ ಬಾಗಿಲು ತೆರೆದು ಬಾಬಾ ಅವರನ್ನು ಕಂಡು ಗರಬಡಿದವರಂತೆ ನಿಂತರು. ಆದರೆ ಅವರ ಹೆಂಡತಿ ಪದ್ಧತಿ ಬಿಡಲಿಲ್ಲ. ಒಂದು ತಟ್ಟೆಯಲ್ಲಿ ಹಣ್ಣಿನ ಸಿಹಿಪಾಕ, ಚಮಚ, ಎರಡು ಲೋಟ ತಣ್ಣೀರು ತಂದಿಟ್ಟಳು. ಬಂದವರಿಗೆ ಮೊದಲು ಒಂದು ಚಮಚ ಸಿಹಿ, ಮೇಲೆ ನೀರು. ನಮ್ಮ ಬೆಲ್ಲ ನೀರು! ನಾನು ತಿಂದೆ. ಬಾಬಾ ಮುಟ್ಟಲಿಲ್ಲ. ಕೈ ಮಡಿಲಲ್ಲಿಟ್ಟು ತಮ್ಮ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದರು. ಕಂಟ್ರಾಕ್ಟರರ ಹೆಂಡತಿ ನನಗೆ ಪಿಸುಗುಟ್ಟಿ ತಿಳಿಸಿದಳು.

"ಕಲ್ಲು ಇಟ್ಟವನು ನನ್ನ ಗಂಡ. ಎತ್ತಿಕೊಟ್ಟವಳು ನಾನು. ನಿನ್ನ ಅಮ್ಮ ಆಚೆ ನಿಂತು ನೋಡುತ್ತಿದ್ದಳು. ನಮಗೆ ಹೊರಗಿನವರ ಹೆದರಿಕೆ ಕಣೇ ಅಂತ ಒಂದು ಮಾತು ನಾನು ಹೇಳಬೇಕಿತ್ತು. ಹೊರಡುವ ಗಡಿಬಿಡಿ, ಅಳು. ಹೇಳಲಿಲ್ಲ. ಆಮೇಲೆ ಹೇಳೋಣ ಅಂದರೆ ನಡುವೆ ಸಮುದ್ರ."

ಕಂಟ್ರಾಕ್ಟರ್ ಟೇಬಲ್ ಕ್ಲಾತ್ ಮೇಲಿನ ಹೂವನ್ನು ಬೆರಳಿನಿಂದ ತೀಡುತ್ತ ಹೇಳಿದರು. "ಅಮ್ಮ ಸಾಯುವವರೆಗೆ ಆ ಕಲ್ಲುಗಳ ಮುಂದೆಯೇ ಬಟ್ಟೆ ಒಣಹಾಕುತ್ತಿದ್ದಳು. ಒಂದೇ ಒಂದು ಕಲ್ಲು ತೆಗೆಯಲು ನಮಗೆ ಬಿಡಲಿಲ್ಲ. ಇಟ್ಟವರೇ ಬಂದು ತೆಗೆಯಲಿ ಅನ್ನುತ್ತಿದ್ದಳು."

"ಬಂದಿದ್ದೇನೆ" ಎಂದರು ಬಾಬಾ.

ಅಷ್ಟೇ. ಕಂಟ್ರಾಕ್ಟರ್ ಕಣ್ಣೊರೆಸಿಕೊಂಡು ಸಿಹಿಯ ತಟ್ಟೆಯನ್ನು ಬಾಬಾ ಅವರ ಮುಂದೆ ಇನ್ನಷ್ಟು ಸರಿಸಿದರು. ಬಾಬಾ ಒಂದು ಚಮಚ ತಿಂದು ಲೋಟದ ನೀರು ಪೂರ್ತಿ ಕುಡಿದರು. ನನಗೂ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಮುಚ್ಚಿಕೊಳ್ಳಲು ನಕ್ಷೆ ಬಿಚ್ಚಿ ಹರಡಿದೆ.

ಗೋಡೆಯಲ್ಲಿ ಪೈಪಿನ ಅಗಲಕ್ಕೆ ಸರಿಯಾದ ಒಂದು ರಂಧ್ರ ತೋರಿಸಿದ್ದೆ. ಕಂಟ್ರಾಕ್ಟರ್ ಪೆನ್ಸಿಲ್ ತೆಗೆದುಕೊಂಡು ಅದನ್ನು ಹೊಡೆದುಹಾಕಿದರು. "ತೂತು ಬೇಡ. ಹೇಗೂ ಕಲ್ಲು ತೆಗೆಯುತ್ತೇವಲ್ಲ, ಬಾಗಿಲು ಬರೆಯಿರಿ. ಪೈಪು ಅದರ ಹೊಸ್ತಿಲ ಅಡಿಯಲ್ಲಿ ಹೋಗಲಿ."

ಬಾಗಿಲು ಬರೆಯಬೇಕಾದರೆ ಅದು ಯಾವ ಕಡೆಗೆ ತೆರೆಯುತ್ತದೆ ಎಂದು ತೋರಿಸಲೇಬೇಕು, ಒಂದು ಕಮಾನು ಗೆರೆ ಎಳೆದು. ನಾನು ಪೆನ್ಸಿಲ್ ಹಿಡಿದು ಮುಗ್ಧವಾಗಿ ಕೇಳಿದೆ. "ಯಾರ ಅಂಗಳಕ್ಕೆ ತೆರೀಬೇಕು?"

ಕೇಳಿದ್ದೇ ತಪ್ಪಾಯಿತು. ನಮ್ಮ ಅಂಗಳಕ್ಕೆ ಎಂದರು ಕಂಟ್ರಾಕ್ಟರ್, ಒಳಗೆ ತೆರೆದು ಬರಮಾಡಿಕೊಳ್ಳುವವರು ನಾವು. ಅದೆಲ್ಲ ಆಗದು, ಮುಚ್ಚಿದವರು ನಾವು, ನಮ್ಮ ಕಡೆಗೇ ತೆರೆಯಬೇಕು ಎಂದರು ಬಾಬಾ. ಇಬ್ಬರ ದನಿಯೂ ಏರಿತು. ಇಷ್ಟು ವರ್ಷ ಮಾತೇ ಆಡದವರು ಈಗ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು. ಕಂಟ್ರಾಕ್ಟರರ ಹೆಂಡತಿ ನನ್ನ ಕಡೆ ನೋಡಿ ನಗು ತಡೆದುಕೊಂಡಳು.

ನನಗೆ ಆಗ ನೆನಪಾದದ್ದು ಮೈಸೂರಿನ ಹೋಟೆಲುಗಳ ಅಡುಗೆಮನೆಯ ಬಾಗಿಲು. ದೋಸೆ ಹಿಡಿದ ಮಾಣಿ ಈ ಕಡೆಯಿಂದ ಭುಜದಲ್ಲಿ ನೂಕಿ ಬರುತ್ತಾನೆ, ಖಾಲಿ ತಟ್ಟೆ ಹಿಡಿದವನು ಆ ಕಡೆಯಿಂದ ನೂಕಿ ಹೋಗುತ್ತಾನೆ. ಗೋಡೆಯ ಎರಡೂ ಬದಿಗೆ ಕಮಾನು ಎಳೆದು, ನಕ್ಷೆಯನ್ನು ಅವರ ಕಡೆ ತಿರುಗಿಸಿದೆ. ಇಬ್ಬರೂ ಬಗ್ಗಿ ನೋಡಿದರು. ಮೊದಲು ಸಹಿ ಹಾಕಿದ್ದು ಬಾಬಾ.

ಫ್ಯಾಕ್ಸ್ ಕಳಿಸಿದ ದಿನ ಪುರಸಭೆಯ ಇಂಜಿನಿಯರ್ ಒಂದೇ ಪ್ರಶ್ನೆ ಕೇಳಿದ. ಎಲ್ಲ ಸರಿ, ನೀರಿನ ನಕ್ಷೆಯಲ್ಲಿ ಈ ಹೋಟೆಲ್ ಬಾಗಿಲು ಏಕೆ? ಅಧ್ಯಕ್ಷರೇ ಉತ್ತರ ಬರೆದರು: ಅದಿಲ್ಲದೆ ನೀರು ಬರುವುದಿಲ್ಲ. ಹಿಮ ಬೀಳುವ ಮೊದಲೇ ಮಂಜೂರಾತಿ ಬಂತು. ಆ ಒಂದು ಚಳಿಗಾಲವನ್ನು ಅಧ್ಯಕ್ಷರ ತಂಗಿ ಹೇಗೋ ನೀರು ಹೊತ್ತೇ ಕಳೆದಳು. ಅಷ್ಟರಲ್ಲಿ ವೈಟೂಕೆ ಬಂತು, ಹೋಯಿತು, ಎಲ್ಲರ ಕಂಪ್ಯೂಟರುಗಳೂ ಎಂದಿನಂತೆಯೇ ಓಡುತ್ತಿದ್ದವು. ಹಿಮ ಕರಗಿದ ಮೇಲೆ ಅಲ್ಲಿ ಅಗೆತ ಶುರುವಾಯಿತು. ಬಾಗಿಲನ್ನು ಕಂಟ್ರಾಕ್ಟರರೇ ಹೋಗಿ ಅಕ್ರೋಟಿನ ಮರದಲ್ಲಿ ಮಾಡಿಸಿ, ಬಾಬಾ ಅವರ ಪರವಾಗಿ ಅಧ್ಯಕ್ಷರನ್ನೂ ಕರೆದೊಯ್ದು ಇಬ್ಬರೂ ಸೇರಿ ಕಲ್ಲು ತೆಗೆದು ಕೂರಿಸಿ ಬಂದರು.

ನೀರು ಬಿಟ್ಟ ದಿನ ನಾನೂ ನನ್ನ ಗಂಡನೂ ಬೇಕರಿಯಲ್ಲಿದ್ದೆವು. ಅಧ್ಯಕ್ಷರ ತಂಗಿ ಫೋನ್ ಮಾಡಿದಳು. ಸ್ಪೀಕರ್ ಹಾಕಿದರು. ಅವಳ ಅಡುಗೆಮನೆಯ ನಲ್ಲಿಯಿಂದ ನೀರು ಬೀಳುವ ಸದ್ದು ಅಂಗಡಿ ತುಂಬ ಕೇಳಿಸಿತು. ನನ್ನ ಗಂಡ ಮೆಲ್ಲಗೆ, "ನಿನ್ ಕೋರ್ಸ್ ವಿಚಾರ ಇನ್ ಎತ್ತಲ್ಲ ಕಣೇ" ಎಂದರು.

ನೀರಿನ ಸದ್ದಿನ ಹಿಂದೆ ಇನ್ನೊಂದು ಸದ್ದು ಬರುತ್ತಿತ್ತು. ದಡ್, ದಡ್, ಸ್ವಲ್ಪ ಬಿಟ್ಟು ಮತ್ತೆ ದಡ್. ಅದೇನೆಂದು ಬಾಬಾ ಕೇಳಿದರು.

"ಮಕ್ಕಳಮ್ಮಾ" ಎಂದಳು ಮಗಳು. "ಬೆಳಗಿನಿಂದ ಆ ಬಾಗಿಲಲ್ಲಿ ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ. ತಲೆ ಸಿಡಿಯುತ್ತಿದೆ. ಬೇಡ ಅಂದರೆ ಕೇಳುವುದಿಲ್ಲ."

ಕೌಂಟರಿಗೆ ಒರಗಿ ನಿಂತಿದ್ದ ಕಂಟ್ರಾಕ್ಟರ್, ಅಂಚಿಗೆ ರಬ್ಬರ್ ಪಟ್ಟಿ ಹೊಡೆಸಿದರೆ ಸದ್ದು ನಿಲ್ಲುತ್ತದೆ ಎಂದರು.

"ಸುಮ್ಮನಿರು" ಎಂದರು ಬಾಬಾ. ಫೋನಿಗೆ ಕಿವಿ ಹತ್ತಿರ ತಂದು ಕೇಳುತ್ತಲೇ ಇದ್ದರು. "ಬಡೀಲಿ ಬಿಡು."